ಕೊರಳಿಗೆ ಬಿದ್ದ ವಾರಂಟಿ

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಎನ್ನುತ್ತಾರಂತೆ. ನಮ್ಮ ಊರಿನಲ್ಲಿ ಎಲ್ಲೋ ಏನೋ ಕೆಟ್ಟಿತು ಎನ್ನುತ್ತಾರೆ. ಇದು ಇಷ್ಟು ದಿನ ಬಾಳುತ್ತದೆ ಎಂದು ಬಾಯಿಬಿಟ್ಟು ಮಾತು ಕೊಟ್ಟವರಿಗೆ, ಆ ಅವಧಿಯೊಳಗೆ ವಸ್ತು ಕೆಟ್ಟರೆ ಬಿಕ್ಕಳಿಕೆ ಹಿಡಿಯುತ್ತದೆ. ವಸ್ತು ರಿಪೇರಿಯಾಗಬೇಕು, ಇಲ್ಲವೇ ಹೇಳಿದ ಅವಧಿ ಮುಗಿಯಬೇಕು. ಅಲ್ಲಿಯವರೆಗೆ ಸಕ್ಕರೆ ಚಪ್ಪರಿಸಿದರೂ ಅಷ್ಟೇ, ಮೂಗು ಹಿಡಿದು ನೀರು ಕುಡಿದರೂ ಅಷ್ಟೇ.

ಊರಿನವರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಗಿದೆ. ಛತ್ರಿ ಮಾರುವವನು ಮಳೆಗಾಲದ ಮೊದಲ ವಾರ ಅಂಗಡಿ ಮುಚ್ಚಿ ಮನೆಯಲ್ಲಿ ಗಂಜಿ ಕುಡಿದುಕೊಂಡು ಕೂರುತ್ತಾನೆ. ಚಪ್ಪಲಿ ಅಂಗಡಿಯವನು ವ್ಯಾಪಾರದ ಹೊತ್ತಿನಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಬೆರಳಿನಲ್ಲಿ ದರ ತೋರಿಸಿ, ಎಷ್ಟು ದಿನ ಬರುತ್ತೆ ಎಂದು ಕೇಳಿದರೆ ಆಕಾಶ ನೋಡುತ್ತಾನೆ. ಮದುವೆ ದಲ್ಲಾಳಿಗಳು ಕೂಡ ಹುಷಾರು. 'ಹುಡುಗನ್ನ ನೋಡಿದೀನಿ, ಎರಡು ಕೈ ಎರಡು ಕಾಲು ಇದೆ' ಎನ್ನುವುದಕ್ಕಿಂತ ಹೆಚ್ಚಿಗೆ ಒಂದಕ್ಷರ ಆಡುವುದಿಲ್ಲ. ಯಾವುದಾದರೂ ಊಟದ ಪಂಕ್ತಿಯಲ್ಲಿ ಮಿಕ್ಸಿ ಅಂಗಡಿಯವರಿಗೆ ಬಿಕ್ಕಳಿಕೆ ಬಂದರೆ ನಾಲ್ಕು ಜನ ಹೆಂಗಸರು ಪಾಯಸ ಬಿಟ್ಟು ಎದ್ದು ಮನೆಗೆ ಓಡುತ್ತಾರೆ, ಕೆಟ್ಟದ್ದು ತಮ್ಮದೇ ಇರಬಹುದೆಂದು.

ನಾನು ಜೀವನದಲ್ಲಿ ಏನನ್ನೂ ಮಾರಿದವನಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತನಾದೆ. ಹೆಸರು ನರಹರಿ. ನನ್ನ ಬಳಿ ಇದ್ದದ್ದು ಒಂದೇ ಆಸ್ತಿ, ಧ್ವನಿ. ಅದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದನ್ನು ಕಾಯುವ ತಾಳ್ಮೆ ನನಗೆ ಎಂದೂ ಇರಲಿಲ್ಲ. ತರಕಾರಿಯವಳ ಹತ್ತಿರ ಬೆಂಡೆಕಾಯಿ ಎಳಸಾಗಿದೆಯಾ ಎಂದು ಕೇಳುವಾಗಲೂ ಸಭೆಯನ್ನು ಉದ್ದೇಶಿಸಿ ಮಾತಾಡುವವನ ಹಾಗೆ ಕೇಳುತ್ತಿದ್ದೆ. ನನ್ನ ಹೆಂಡತಿ ಇಂದುಮತಿ, 'ಬೆಂಡೆಕಾಯಿ ಕೈ ಮುಗಿಯೋದೊಂದು ಬಾಕಿ' ಎನ್ನುತ್ತಿದ್ದಳು.

ನಿವೃತ್ತನಾದ ಮೇಲೆ ಈ ಧ್ವನಿಗೊಂದು ಕೆಲಸ ಸಿಕ್ಕಿತು. ಊರಿನ ಅಂಧ ಮಕ್ಕಳ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಆ ವರ್ಷ ಪಠ್ಯ ಬದಲಾಗಿ, ಹೊಸ ಬ್ರೈಲ್ ಪುಸ್ತಕಗಳು ಬಂದೇ ಇರಲಿಲ್ಲ. ಮುಖ್ಯೋಪಾಧ್ಯಾಯರಾದ ಗುರುಬಸಯ್ಯನವರು, ಅವರಿಗೂ ಹುಟ್ಟಿನಿಂದ ಕಣ್ಣು ಕಾಣದು, ಒಂದು ದಿನ ಮನೆಗೆ ಬಂದು, 'ಮೇಷ್ಟ್ರೇ, ಚರಿತ್ರೆ ಪಾಠಗಳನ್ನ ಓದಿ ರೆಕಾರ್ಡ್ ಮಾಡಿಕೊಡ್ತೀರಾ? ನಿಮ್ಮ ಧ್ವನಿಯಲ್ಲಿ ಕೇಳಿದ್ರೆ ಮಕ್ಕಳಿಗೆ ಮರೆಯೋದಿಲ್ಲ' ಎಂದರು. ಅವರು ಕೇಳಿ ಮುಗಿಸುವ ಮೊದಲೇ ನಾನು ಗಂಟಲು ಸರಿಮಾಡಿಕೊಂಡಿದ್ದೆ.

ಮನೆಯಲ್ಲಿದ್ದ ಕಂಪ್ಯೂಟರು ಹಳೆಯದು. ಅದರ ಫ್ಯಾನು ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಅಶೋಕ ಕಳಿಂಗದ ಮೇಲೆ ದಂಡೆತ್ತಿ ಹೋದ ಪಾಠದಲ್ಲಿ ಅವನು ರೈಸ್ ಮಿಲ್ಲಿನ ಮೂಲಕ ಹೋದ ಹಾಗೆ ಕೇಳಿಸುತ್ತಿತ್ತು. ಸದ್ದಿಲ್ಲದ್ದು ಬೇಕು ಎಂದು ಲೂಸಿ ಬಾಯಿಯ ಅಂಗಡಿಗೆ ಹೋದೆ. ಊರಿನಲ್ಲಿ ಕಂಪ್ಯೂಟರ್ ಮಾರುವುದು, ರಿಪೇರಿ ಮಾಡುವುದು ಎರಡೂ ಅವರೊಬ್ಬರೇ. ನನ್ನ ವಯಸ್ಸಿನವರು, ಕತ್ತಿನಲ್ಲಿ ಕನ್ನಡಕ, ಕೈಯಲ್ಲಿ ಸದಾ ಸ್ಕ್ರೂಡ್ರೈವರ್. ಮಾರಿದ ಪ್ರತಿಯೊಂದಕ್ಕೂ ಒಂದು ವರ್ಷ ಎಂದು ಗಟ್ಟಿಯಾಗಿ ಮಾತು ಕೊಡುತ್ತಿದ್ದರು. ಆದ್ದರಿಂದ ವಾರಕ್ಕೆರಡು ಸಲವಾದರೂ ಬಿಕ್ಕುತ್ತಾ, ಸ್ಕೂಟರಿನಲ್ಲಿ ಯಾರದೋ ಮನೆಗೆ ರಿಪೇರಿಗೆ ಹೋಗುತ್ತಿರುವುದು ಕಾಣುತ್ತಿತ್ತು.

ಅವರು ಒಂದು ಕಂಪ್ಯೂಟರ್ ಪೆಟ್ಟಿಗೆ ತೋರಿಸಿ ಬೆಲೆ ಹೇಳಿದರು. ನಾನು ನಸುನಕ್ಕೆ. ಹಿಂದಿನ ದಿನವೇ ಇಂಟರ್ನೆಟ್ಟಿನಲ್ಲಿ, ಸಮುದ್ರದಾಚೆಯ ದೊಡ್ಡ ಅಂಗಡಿಯೊಂದರಲ್ಲಿ, ಅಂಥದ್ದೇ ಪೆಟ್ಟಿಗೆಯನ್ನು ಇದಕ್ಕಿಂತ ಬಹಳ ಕಡಿಮೆಗೆ ನೋಡಿದ್ದೆ. 'ಅಲ್ಲಿ ಮೂರು ವರ್ಷದ ಅಂತಾರಾಷ್ಟ್ರೀಯ ವಾರಂಟಿ ಕೂಡ ಇದೆ ಬಾಯಿ' ಎಂದೆ, ಅವರಿಗೆ ಜಗತ್ತಿನ ವಿದ್ಯಮಾನ ತಿಳಿಸುವವನ ಹಾಗೆ.

'ತರಿಸ್ಕೊಳ್ಳಿ ಮೇಷ್ಟ್ರೇ, ನಾನು ಬೇಡ ಅನ್ನಲ್ಲ' ಎಂದರು ಲೂಸಿ ಬಾಯಿ. 'ಆದ್ರೆ ಕೆಟ್ರೆ ಅಲ್ಲಿ ಯಾರು ಬಿಕ್ಕಳಿಸ್ತಾರೆ?'

'ದೊಡ್ಡ ಕಂಪನಿಗಳಿಗೆ ಬಿಕ್ಕಳಿಕೆ ಬೇಕಾಗಿಲ್ಲ. ಅವರದ್ದೆಲ್ಲ ಬರಹದಲ್ಲಿ ಇರುತ್ತೆ' ಎಂದೆ. ಈಗ ನೆನೆಸಿಕೊಂಡರೆ ಆ ಮಾತಾಡಿದ ನನ್ನ ಬಾಯಿಗೆ ನಾನೇ ಒಂದು ಕೊಡಬೇಕು ಅನ್ನಿಸುತ್ತದೆ.

ಪೆಟ್ಟಿಗೆ ಹದಿನೆಂಟು ದಿನಕ್ಕೆ ಬಂತು. ಕಪ್ಪಗೆ, ನುಣ್ಣಗೆ, ಸದ್ದೇ ಇಲ್ಲದೆ ಕೆಲಸ ಮಾಡಿತು. ಜೊತೆಯಲ್ಲಿ ಹನ್ನೆರಡು ಪುಟದ ವಾರಂಟಿ ಪುಸ್ತಕವೂ ಇತ್ತು. ಅಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಸಂಜೆ ಆ ಪುಸ್ತಕ ಹಿಡಿದು ಪೇಟೆಗೆ ಹೋದೆ. ಲೂಸಿ ಬಾಯಿಯ ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ ಹತ್ತಾರು ಜನ ಸೇರುವ ಹೊತ್ತು. ಬೆಂಚಿನ ಮೇಲೆ ಕೂತು, ಮೊದಲ ಪುಟ ತೆರೆದು, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುತ್ತಾ ಓದಿದೆ. 'ಈ ಯಂತ್ರವು ಕೊಂಡ ದಿನದಿಂದ ಮೂರು ವರ್ಷಗಳ ಕಾಲ ಯಾವ ದೋಷವೂ ಇಲ್ಲದೆ ನಡೆಯುವುದೆಂದು ಮಾತು ಕೊಡುತ್ತೇವೆ!' ಆ ಸಾಲನ್ನು ಎರಡು ಸಲ ಓದಿದೆ. ಎರಡನೆಯ ಸಲ 'ಮೂರು' ಎಂಬಲ್ಲಿ ಧ್ವನಿಯನ್ನು ಸ್ವಲ್ಪ ನಡುಗಿಸಿದೆ.

ಲೂಸಿ ಬಾಯಿ ಅಂಗಡಿಯಿಂದ ಹೊರಗೆ ಬಂದು ನಿಂತರು. 'ಮೇಷ್ಟ್ರೇ, ಮನಸ್ಸಲ್ಲೇ ಓದ್ಕೊಳ್ಳಿ. ಜೋರಾಗಿ ಬೇಡ.'

ಹೊಟ್ಟೆಕಿಚ್ಚು ಎಂದುಕೊಂಡೆ. ಮೂರನೆಯ ಸಲವೂ ಓದಿದೆ.

ಐದು ವಾರ ಎಲ್ಲ ಚೆನ್ನಾಗಿತ್ತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದೆ. ಮೌರ್ಯರು, ಗುಪ್ತರು, ಚಾಲುಕ್ಯರನ್ನು ಮುಗಿಸಿದೆ. ಒಂದು ಸೋಮವಾರ ಬೆಳಿಗ್ಗೆ ವಿಜಯನಗರದ ಪಾಠಕ್ಕೆಂದು ಗುಂಡಿ ಒತ್ತಿದರೆ ಪೆಟ್ಟಿಗೆ ಉಸಿರೆತ್ತಲಿಲ್ಲ. ಇನ್ನೊಮ್ಮೆ ಒತ್ತಿದೆ. ಪ್ಲಗ್ಗು ತೆಗೆದು ಹಾಕಿದೆ. ಅಷ್ಟರಲ್ಲಿ ಹೊಟ್ಟೆಯೊಳಗಿಂದ ಏನೋ ಪುಟಿದು ಬಂದು ಗಂಟಲಿನಲ್ಲಿ 'ಇಕ್' ಎಂದಿತು.

ಅಡಿಗೆಮನೆಯಲ್ಲಿ ಇಂದುಮತಿ ತಿರುವುತ್ತಿದ್ದ ಸೌಟು ನಿಂತಿತು. 'ರೀ, ಯಾರ್ದದು?'

'ನನ್ನದೇ. ಉಪ್ಪಿಟ್ಟು ಬೇಗ ಬೇಗ ತಿಂದೆ.'

'ಉಪ್ಪಿಟ್ಟಿನ್ನೂ ಒಲೆ ಮೇಲಿದೆ.'

ಸಮುದ್ರದಾಚೆಯ ಅಂಗಡಿಯವರು ಎಂದೂ ನಮ್ಮ ಊರಿನಲ್ಲಿ ಬಾಯಿ ತೆರೆದವರಲ್ಲ. ಅವರ ಪರವಾಗಿ, ಟೀ ಅಂಗಡಿಯ ಬೆಂಚಿನ ಮೇಲೆ, ಮೂರು ಸಲ, ಧ್ವನಿ ನಡುಗಿಸಿ ಮಾತು ಕೊಟ್ಟವನು ನಾನು. ಇದು ನನಗೆ ಹೊಳೆಯಲು ಅರ್ಧ ಗಂಟೆ ಹಿಡಿಯಿತು. ಇಂದುಮತಿಗೆ ಸೌಟು ಕೆಳಗಿಡುವಷ್ಟರಲ್ಲಿ ಹೊಳೆದಿತ್ತು. ಲೆಕ್ಕ ಹಾಕಿ, 'ಇನ್ನೂ ಎರಡು ವರ್ಷ ಹತ್ತು ತಿಂಗಳು' ಎಂದಳು.

ಹೊರಗೆ ಹೋಗುವುದು ಕಷ್ಟವಾಯಿತು. ಏನನ್ನೂ ಮಾರದ ಮೇಷ್ಟ್ರಿಗೆ ಬಿಕ್ಕಳಿಕೆ ಯಾಕೆ ಎಂದು ಊರಿಗೆ ಊರೇ ಯೋಚಿಸತೊಡಗಿತು. ಸರ್ವಿಸಿನಲ್ಲಿದ್ದಾಗ ಪ್ರಶ್ನೆಪತ್ರಿಕೆ ಮಾರಿರಬೇಕು ಎಂದು ಒಬ್ಬರು ಹೇಳಿದರಂತೆ. ಟೀ ಅಂಗಡಿಯವನಿಗೆ ಅಂದಿನ ಓದು ನೆನಪಿದ್ದಿರಬೇಕು. ನನ್ನನ್ನು ಕಂಡಾಗಲೆಲ್ಲ ಗ್ಲಾಸು ಉಜ್ಜುತ್ತಾ ತಲೆ ಬಗ್ಗಿಸಿ ನಗುತ್ತಿದ್ದ. ನಾನು ಮಾತ್ರ ಕೇಳಿದವರಿಗೆಲ್ಲ ಗ್ಯಾಸ್ ಟ್ರಬಲ್ ಎನ್ನುತ್ತಿದ್ದೆ. ಹಾಗೆನ್ನುವಾಗಲೂ 'ಗ್ಯಾ—ಇಕ್—ಸ್' ಎಂದಾಗುತ್ತಿತ್ತು.

ವಾರಂಟಿ ಇದೆಯಲ್ಲ, ಕೇಳಿಯೇ ಬಿಡೋಣ ಎಂದು ಆ ಅಂಗಡಿಗೆ ಬರೆದೆ. ತಕ್ಷಣ ಉತ್ತರ ಬಂತು: ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ, ಪೆಟ್ಟಿಗೆ ತಯಾರಿಸಿದ ಕಂಪನಿಯನ್ನು ಕೇಳಿ. ಕಂಪನಿಗೆ ಬರೆದೆ. ಅವರೂ ವಿಷಾದಿಸಿ, ಮಾರಿದ ಅಂಗಡಿಯನ್ನು ಕೇಳಿ ಎಂದರು. ನಮ್ಮ ದೇಶದಲ್ಲಿರುವ ಅವರ ಕಚೇರಿಗೆ ಫೋನ್ ಮಾಡಿದರೆ, ನನ್ನ ಪೆಟ್ಟಿಗೆಯ ನಂಬರು ಕೇಳಿಕೊಂಡು, 'ಸಾರ್, ಈ ನಂಬರು ನಮ್ಮ ಪಟ್ಟಿಯಲ್ಲೇ ಇಲ್ಲ. ಅದು ಅಲ್ಲಿ ಮಾರೋಕೆ ಮಾಡಿದ್ದು. ಅಲ್ಲೇ ರಿಪೇರಿ' ಎಂದರು. ಅಂತಾರಾಷ್ಟ್ರೀಯ ಎಂದರೆ ಅಲ್ಲಿಂದ ಇಲ್ಲಿಗೆ ಬರುವುದು ಎಂದು ನಾನು ತಿಳಿದಿದ್ದೆ. ಇಲ್ಲಿಂದ ಅಲ್ಲಿಗೆ ನಾವೇ ಹೋಗುವುದು ಎಂದು ಅವರ ಅರ್ಥ.

ಕೊನೆಗೆ ಒಂದು ಬೆಳಿಗ್ಗೆ ಆ ದೂರದ ಅಂಗಡಿಯಿಂದಲೇ ಫೋನು ಬಂತು. ಇಲ್ದಿಕೊ ಎಂಬ ಹೆಣ್ಣುಮಗಳು. ನನ್ನ ಇಂಗ್ಲಿಷು, ಅವಳ ಇಂಗ್ಲಿಷು ಎರಡೂ ಒಂದೇ ಹದದಲ್ಲಿದ್ದುದರಿಂದ ಮಾತು ಸಲೀಸಾಯಿತು. ನಾನು ನಾಲ್ಕು ಸಲ ಬಿಕ್ಕಿದ ಮೇಲೆ ಅವಳು, 'ಯಾರೋ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ. ನಮ್ಮ ಅಜ್ಜಿ ಹಾಗೆ ಹೇಳುತ್ತಿದ್ದರು' ಎಂದಳು.

'ಇಲ್ಲ ತಾಯಿ, ನೀವು ಯಾರೂ ನೆನೆಸಿಕೊಳ್ಳುತ್ತಿಲ್ಲ. ಅದೇ ತೊಂದರೆ' ಎಂದೆ.

ಅವಳು ಪಾಪ, ಒಳ್ಳೆಯವಳು. ಆದರೆ ನಿಯಮ ಓದಿ ಹೇಳಬೇಕಲ್ಲ. ಪೆಟ್ಟಿಗೆಯ ಹಿಂದೆ ಒಂದು ಬೆಳ್ಳಿ ಬಣ್ಣದ ಸ್ಟಿಕ್ಕರ್ ಇದೆ, ಅದು ಹರಿದಿರಬಾರದು. ಹರಿದರೆ ವಾರಂಟಿ ಹೋಯಿತು. ಬಂದ ರಟ್ಟಿನ ಡಬ್ಬದಲ್ಲೇ, ಅದೇ ಥರ್ಮೋಕೋಲಿನ ನಡುವೆ ಇಟ್ಟು, ನಿಮ್ಮ ಖರ್ಚಿನಲ್ಲಿ ಕಳಿಸಿ. ನಾವು ಪರೀಕ್ಷೆ ಮಾಡಿ ತಿಳಿಸುತ್ತೇವೆ. ಎರಡು ತಿಂಗಳಾಗಬಹುದು.

ರಟ್ಟಿನ ಡಬ್ಬ ಅಟ್ಟದಲ್ಲಿತ್ತು. ಅದರಲ್ಲಿ ಇಂದುಮತಿಯ ಬೆಕ್ಕು ಹಿಂದಿನ ವಾರವಷ್ಟೇ ನಾಲ್ಕು ಮರಿ ಹಾಕಿತ್ತು. ಥರ್ಮೋಕೋಲನ್ನು ಉಗುರಿನಿಂದ ಪುಡಿ ಮಾಡಿ ಮೆತ್ತೆ ಮಾಡಿಕೊಂಡಿತ್ತು.

'ಅದನ್ನ ಬೇರೆ ಕಡೆ ಮಲಗಿಸು' ಎಂದೆ.

'ಬಾಣಂತೀನ ಎಬ್ಬಿಸೋದಾ? ನಾಚಿಕೆ ಆಗಲ್ವಾ ನಿಮಗೆ?' ಎಂದಳು ಇಂದುಮತಿ. 'ಹೋಗಿ ಲೂಸಿ ಬಾಯಿ ಹತ್ರ ತೋರಿಸ್ಬಾರ್ದಾ?'

'ಅವರು ಬಿಚ್ಚಬೇಕಾಗುತ್ತೆ. ಬಿಚ್ಚಿದ್ರೆ ಸ್ಟಿಕ್ಕರ್ ಹರಿಯುತ್ತೆ. ಹರಿದ್ರೆ ಮೂರು ವರ್ಷದ ವಾರಂಟಿ ಹೋಗುತ್ತೆ!'

ನಾನು ಬಿಕ್ಕಿದೆ. ಇಂದುಮತಿ ಒಳಗೆ ಹೋದಳು.

ನಿಜ ಹೇಳಬೇಕೆಂದರೆ ತಡೆದದ್ದು ಸ್ಟಿಕ್ಕರ್ ಅಲ್ಲ. ಲೂಸಿ ಬಾಯಿಯ ಮುಂದೆ ಹೇಗೆ ನಿಲ್ಲುವುದು? ಆ ಅಂಗೈ ಅಗಲದ ಬೆಳ್ಳಿ ಕಾಗದವನ್ನು ದಿನಕ್ಕೆರಡು ಸಲ ಒರೆಸಿ ಕಾಪಾಡಿದೆ. ಯಂತ್ರ ಸತ್ತಿತ್ತು, ವಾರಂಟಿ ಆರೋಗ್ಯವಾಗಿತ್ತು.

ಇತ್ತ ಪಾಠ ನಿಲ್ಲುವಂತಿರಲಿಲ್ಲ. ಮೊಬೈಲಿನಲ್ಲೇ ರೆಕಾರ್ಡ್ ಮಾಡತೊಡಗಿದೆ. ಬಿಕ್ಕಳಿಕೆಯನ್ನು ಕತ್ತರಿಸಿ ತೆಗೆಯಬೇಕಾದರೆ ಕಂಪ್ಯೂಟರ್ ಬೇಕು; ಅದು ಕೆಟ್ಟದ್ದಕ್ಕೆ ತಾನೇ ಬಿಕ್ಕಳಿಕೆ. ಎರಡು ಬಿಕ್ಕಳಿಕೆಗಳ ನಡುವೆ ಒಂದು ಸಾಲು ತೂರಿಸುವುದನ್ನು ಕಲಿತೆ. ಹೀಗೆ ಇನ್ನೂ ಐದು ಪಾಠ ಕಳಿಸಿದೆ. ಮಕ್ಕಳು ಜಾಣರು, ಬಿಕ್ಕಳಿಕೆ ಬಿಟ್ಟು ಮಿಕ್ಕಿದ್ದನ್ನು ಕೇಳಿಸಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಒಂದು ಮಧ್ಯಾಹ್ನ ಗುರುಬಸಯ್ಯನವರು ಕೋಲು ಊರಿಕೊಂಡು ಬಂದರು. ಕುರ್ಚಿಯಲ್ಲಿ ಕೂತರು, ನೀರು ಕುಡಿದರು, ಸ್ವಲ್ಪ ಹೊತ್ತು ನನ್ನ ಗಂಟಲನ್ನು ಕೇಳಿಸಿಕೊಂಡರು.

'ಮೊನ್ನೆ ಒಂದು ಕಿರುಪರೀಕ್ಷೆ ಕೊಟ್ಟೆ' ಎಂದರು. 'ಮೊದಲನೇ ಪಾಣಿಪತ್ ಯುದ್ಧ ಯಾವಾಗ ನಡೀತು ಅಂತ ಒಂದು ಪ್ರಶ್ನೆ. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಜನ ಸಾವಿರದ ಇಪ್ಪತ್ತಾರು ಅಂತ ಬರೆದಿದ್ದಾರೆ.'

'ಸಾವಿರದ ಐನೂರ ಇಪ್ಪತ್ತಾರು' ಎಂದೆ, ಗಾಬರಿಯಾಗಿ.

'ನನಗೆ ಗೊತ್ತು. ಆದ್ರೆ ನೀವು ಹೇಳಿದ್ದು ಕೇಳಿ.' ಜೇಬಿನಿಂದ ಮೊಬೈಲು ತೆಗೆದು ಹಚ್ಚಿದರು. ನನ್ನ ಧ್ವನಿ, ಗಂಭೀರವಾಗಿ, ತುಂಬು ಹೆಮ್ಮೆಯಿಂದ ಹೇಳಿತು: 'ಈ ನಿರ್ಣಾಯಕ ಯುದ್ಧವು ಸಾವಿರದ—ಇಕ್—ಇಪ್ಪತ್ತಾರರಲ್ಲಿ ನಡೆಯಿತು.'

'ಐನೂರು ವರ್ಷ ನುಂಗಿಬಿಟ್ರಲ್ಲ ಮೇಷ್ಟ್ರೇ' ಎಂದರು ಗುರುಬಸಯ್ಯ. ನಗಲಿಲ್ಲ. 'ಪರೀಕ್ಷೆಗೆ ಇನ್ನು ಮೂರು ವಾರ. ಕಣ್ಣಿದ್ದವರು ಅನುಮಾನ ಬಂದ್ರೆ ಪುಸ್ತಕ ತೆಗೆದು ನೋಡ್ತಾರೆ. ಈ ಮಕ್ಕಳಿಗೆ ಈ ವರ್ಷ ನೀವೇ ಪುಸ್ತಕ. ನೀವು ಹೇಳಿದ್ದೇ ಸರಿ ಅಂತ ಬರೀತಾರೆ. ನಿಮಗೆ ಮೈ ಸರಿಯಿಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ಹುಡುಕ್ತೀನಿ. ಬೇಜಾರಿಲ್ಲ.'

ಬೇಜಾರಿಲ್ಲ ಎಂದದ್ದೇ ಚುಚ್ಚಿತು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಮೂವತ್ತೆರಡು ವರ್ಷದಲ್ಲಿ ಒಂದು ಇಸವಿಯನ್ನೂ ತಪ್ಪು ಹೇಳಿದವನಲ್ಲ ಎಂದು ಜಂಭ ಕೊಚ್ಚಿಕೊಂಡು ತಿರುಗಿದವನು, ಒಂದು ಸ್ಟಿಕ್ಕರಿನ ಮರ್ಯಾದೆಗಾಗಿ ಹನ್ನೊಂದು ಮಕ್ಕಳ ತಲೆಯಲ್ಲಿ ಐದು ಶತಮಾನ ಅಳಿಸಿದ್ದೆ. ಅವರು ಹೋಗುವುದನ್ನೇ ಕಾದು, ಪೆಟ್ಟಿಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಎತ್ತಿಕೊಂಡು ನಡೆದೆ. ಟೀ ಅಂಗಡಿಯ ಮುಂದೆಯೇ ಹೋಗಬೇಕಿತ್ತು. ಹೋದೆ. ಸರಿಯಾಗಿ ಅಲ್ಲಿಗೆ ಬಂದಾಗ ಬಿಕ್ಕಳಿಕೆ ಬಂತು. ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಲೂಸಿ ಬಾಯಿ ಪಂಚೆ ಬಿಚ್ಚಿ ನೋಡಿದರು. ಸ್ಟೂಲು ಎಳೆದು, 'ಕೂತ್ಕೊಳ್ಳಿ' ಎಂದರು.

'ಬಾಯಿ, ಅವತ್ತು ನಾನು ನಿಮ್ಮ ಅಂಗಡಿ ಮುಂದೆ—ಇಕ್—'

'ಅದಿರಲಿ. ಆ ವಾರಂಟಿ ಪುಸ್ತಕ ತಂದಿದೀರಾ?'

ತಂದಿದ್ದೆ. ಅವರು ಕನ್ನಡಕ ಏರಿಸಿ, ನಾನು ಊರಿಗೆಲ್ಲ ಕೇಳಿಸಿದ ಮೊದಲ ಪುಟವನ್ನು ಹಾರಿಸಿ, ಹಾಳೆ ಮಗುಚುತ್ತಾ ಹೋದರು. ಕೊನೆಗೆ ಒಂದು ಕಡೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು.

'ಹನ್ನೊಂದನೇ ಪುಟ ಓದಿದ್ರಾ ಮೇಷ್ಟ್ರೇ?'

ಇರುವೆ ಸಾಲಿನಂಥ ಅಕ್ಷರ. ಕೊಂಡ ದೇಶದ ಹೊರಗಿನ ಕರೆಂಟಿನಿಂದ ಆದ ಯಾವ ಹಾನಿಗೂ ಈ ವಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು.

'ಮೊದಲನೇ ದಿನ ನೀವು ಪ್ಲಗ್ಗು ಹಾಕಿದ್ರಲ್ಲ, ಹೆಚ್ಚೂಕಡಿಮೆ ಅವತ್ತೇ ಇದರ ವಾರಂಟಿ ಮುಗೀತು' ಎಂದರು ಲೂಸಿ ಬಾಯಿ. 'ನಮ್ಮೂರ ಕರೆಂಟು ಸಂಜೆ ಏರುತ್ತೆ, ಬೆಳಿಗ್ಗೆ ಇಳಿಯುತ್ತೆ. ಇದರ ಪವರ್ ಸಪ್ಲೈ ಅದನ್ನ ತಡೆಯೋ ಹಾಗೆ ಕಾಣಲ್ಲ. ಬಿಚ್ಚಲಾ?'

ಆರು ವಾರ ಒರೆಸಿ ಒರೆಸಿ ಹೊಳಪು ಬರಿಸಿದ ಸ್ಟಿಕ್ಕರನ್ನು ನೋಡಿದೆ. ಅದರ ಹಿಂದೆ ಕಾಯುವಂಥದ್ದು ಏನೂ ಇರಲಿಲ್ಲ. 'ಕೊಡಿ, ನಾನೇ ಹರೀತೀನಿ' ಎಂದೆ. ಉಗುರಿನಿಂದ ಕಿತ್ತೆ. ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ ಮೂರು ತುಂಡಾಗಿ ಬಂತು. ಆ ಪೆಟ್ಟಿಗೆಯಲ್ಲಿ ನಿಜವಾಗಿ ಬಾಳಿಕೆ ಬರುವಂಥದ್ದು ಅದೊಂದೇ ಇದ್ದಿರಬೇಕು.

ಒಳಗಿಂದ ಸುಟ್ಟ ವಾಸನೆ ಬಂತು. ಲೂಸಿ ಬಾಯಿ ಕಪ್ಪಾಗಿದ್ದ ಪವರ್ ಸಪ್ಲೈ ತೆಗೆದು, ತಮ್ಮ ಅಂಗಡಿಯದ್ದನ್ನು ಹಿಡಿಸಿ ನೋಡಿದರು. ಅಳತೆ ಸ್ವಲ್ಪ ಹೆಚ್ಚು. ಒಂದು ಕಡೆ ತಗಡು ಕತ್ತರಿಸಿ ಕೂರಿಸಬೇಕಾಯಿತು. ಮುಕ್ಕಾಲು ಗಂಟೆಯಲ್ಲಿ ನಾನು ಎಷ್ಟು ಸಲ ಬಿಕ್ಕಿದೆನೋ, ನಡುವೆ ಅವರಿಗೂ ಒಂದು ಬಂತು. ಯಾರದೋ ಪ್ರಿಂಟರ್ ಕೆಟ್ಟಿತ್ತು. ಇಬ್ಬರೂ ಒಟ್ಟಿಗೆ 'ಇಕ್' ಎಂದಾಗ ಅವರು ಮೊದಲ ಸಲ ನಕ್ಕರು.

'ದಿನಾ ಹೇಗೆ ತಡ್ಕೊಳ್ತೀರಿ ಬಾಯಿ?'

'ಬಂದ್ರೆ ಎದ್ದು ಹೋಗಿ ರಿಪೇರಿ ಮಾಡ್ಬೇಕು, ಅಷ್ಟೇ. ನಿಮ್ಮ ಹಾಗೆ ಆರು ವಾರ ಇಟ್ಕೊಂಡವರನ್ನ ನಾನು ನೋಡಿಲ್ಲ.'

ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ನಾನು ಮುಂದಿನ ಬಿಕ್ಕಳಿಕೆಗೆ ಎದೆ ಗಟ್ಟಿ ಮಾಡಿಕೊಂಡು ಕೂತೆ. ಬರಲಿಲ್ಲ. ಗಂಟಲು ಖಾಲಿ ಮನೆಯ ಹಾಗೆ ಆಯಿತು.

'ಪವರ್ ಸಪ್ಲೈಗೆ ಒಂದು ವರ್ಷ ನನ್ನ ಮಾತು' ಎಂದು ಲೂಸಿ ಬಾಯಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಮೆಲ್ಲಗೆ, 'ಮಿಕ್ಕಿದ್ದು ನಿಮ್ಮದೇ. ಮೂರು ವರ್ಷ ಅಂದಿದೀರಿ, ಅದೂ ಮೂರು ಸಲ. ಸ್ಟೆಬಿಲೈಸರ್ ಒಂದು ಹಾಕಿಸ್ಕೊಳ್ಳಿ' ಎಂದರು. ಹಾಕಿಸಿಕೊಂಡೆ. ಅದಕ್ಕೂ ಅವರದ್ದೇ ಮಾತು.

ಮೂರು ದಿನ ಹಗಲೆಲ್ಲ ಕೂತು ಐದು ಪಾಠಗಳನ್ನೂ ಮತ್ತೆ ಓದಿದೆ. ರೆಕಾರ್ಡಿಂಗ್ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕಿವಿಯಲ್ಲಿ ಕೂತ ತಪ್ಪು ಹೊಸ ರೆಕಾರ್ಡಿಂಗಿನಿಂದ ಹೋಗುತ್ತದೆಂದು ಏನು ಖಾತ್ರಿ? ಮುದ್ರಿತ ಪುಸ್ತಕ ಹಿಡಿದು ಶಾಲೆಗೇ ಹೋದೆ. ಗುರುಬಸಯ್ಯನವರು ತರಗತಿಗೆ ಕರೆದುಕೊಂಡು ಹೋಗಿ ಬಾಗಿಲ ಬಳಿ ನಿಂತರು.

ಮಕ್ಕಳು ಎದ್ದು ನಮಸ್ಕಾರ ಹೇಳಿದರು. ಭಾಷಣವೊಂದನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಚರಿತ್ರೆಯಲ್ಲಿ ಇಸವಿಗಳ ಮಹತ್ವ ಅಂತೇನೋ ಇತ್ತು ಅದರಲ್ಲಿ. ಹದಿನಾಲ್ಕು ಮುಖ ನನ್ನ ಬಾಯಿಯ ಕಡೆಗೆ ತಿರುಗಿದ್ದು ಕಂಡು ಅದು ಮರೆತುಹೋಯಿತು. 'ಪಾಣಿಪತ್ ಯುದ್ಧದ ಇಸವಿ ನಾನು ತಪ್ಪು ಹೇಳಿದ್ದೆ ಮಕ್ಕಳೇ. ನಿಮ್ಮದು ತಪ್ಪಲ್ಲ, ನನ್ನದು. ಅದು ಸಾವಿರದ ಐನೂರ ಇಪ್ಪತ್ತಾರು' ಎಂದೆ.

ಮುಂದಿನ ಸಾಲಿನಲ್ಲಿದ್ದ ಸಕೀನಾ ಎಂಬ ಹುಡುಗಿ ಕೈ ಎತ್ತಿದಳು. 'ಸಾರ್, ಇದಕ್ಕೆ ಮಾತು ಕೊಡ್ತೀರಾ?'

ಎಲ್ಲೋ ಯಾರೋ ಮಾಡಿದ ಯಂತ್ರಕ್ಕೆ, ಒಂದೇ ಪುಟ ಓದಿ, ಮೂರು ವರ್ಷದ ಮಾತನ್ನು ಧಾರಾಳವಾಗಿ ಕೊಟ್ಟವನು ನಾನು. ಈ ಇಸವಿಯನ್ನು ಮೂವತ್ತೆರಡು ವರ್ಷ ಪಾಠ ಹೇಳಿದ್ದೇನೆ, ಆದರೂ ಹೆದರಿದೆ. 'ಒಂದು ನಿಮಿಷ ಇರಮ್ಮ' ಎಂದು ಪುಸ್ತಕ ತೆರೆದೆ. ಆ ಸಾಲನ್ನು ಮನಸ್ಸಿನಲ್ಲೇ ಓದಿದೆ. ಬೆರಳಿಟ್ಟು ಇನ್ನೊಮ್ಮೆ ಓದಿದೆ. ಆಮೇಲೆ ಸಣ್ಣ ಧ್ವನಿಯಲ್ಲಿ ಹೇಳಿದೆ. 'ಕೊಟ್ಟೆ.'

ಹದಿನಾಲ್ಕು ಮಕ್ಕಳು ಉಸಿರು ಹಿಡಿದು, ತಲೆ ಓರೆ ಮಾಡಿ, ಬಿಕ್ಕಳಿಕೆ ಬರುತ್ತದೇನೋ ಎಂದು ನನ್ನ ಗಂಟಲನ್ನೇ ಕೇಳುತ್ತಿದ್ದರು. ಬಾಗಿಲ ಬಳಿ ಗುರುಬಸಯ್ಯನವರೂ ಕೇಳುತ್ತಿದ್ದರು. ಜೀವಮಾನದಲ್ಲಿ ನನ್ನ ಧ್ವನಿಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ, ಅದೂ ನಾನು ಸುಮ್ಮನಿದ್ದಾಗ.

'ಸರಿ, ಬರ್‍ಕೊಳ್ರೋ' ಎಂದಳು ಸಕೀನಾ. ಮಕ್ಕಳು ತಲೆ ಬಗ್ಗಿಸಿದರು. ಬ್ರೈಲ್ ಬರೆಯುವ ಹದಿನಾಲ್ಕು ಮೊಳೆಕಡ್ಡಿಗಳು ದಪ್ಪ ಕಾಗದದ ಮೇಲೆ ಟಕ್ ಟಕ್ ಎಂದು ಚುಕ್ಕೆ ಒತ್ತತೊಡಗಿದವು.